ಎರಡು ತೋಳು, ಎರಡು ಒತ್ತಡ

ಹೃದಯದಿಂದ ಹೊರಟ ರಕ್ತವು ಬೆರಳ ತುದಿಯನ್ನು ಮುಟ್ಟುವ ಹಾದಿ ಎಡ ಮತ್ತು ಬಲ ತೋಳುಗಳಲ್ಲಿ ಒಂದೇ ಬಗೆಯಾಗಿ ಆರಂಭವಾಗುವುದಿಲ್ಲ. ಹೃದಯದಿಂದ ಮೇಲೇರುವ ಮಹಾಪಧಮನಿಯು ಎದೆಯ ಮೇಲ್ಭಾಗದಲ್ಲಿ ಕೊಡೆಯ ಹಿಡಿಯಂತೆ ಬಾಗಿ ಕೆಳಗಿಳಿಯುತ್ತದೆ. ಆ ಬಾಗಿನ ಮೇಲ್ಮೈಯಿಂದ ಸಾಮಾನ್ಯವಾಗಿ ಮೂರು ದೊಡ್ಡ ಕವಲುಗಳು ಹೊರಡುತ್ತವೆ. ಮೊದಲನೆಯ ಕವಲು ಸ್ವಲ್ಪ ದೂರ ಸಾಗಿ ಎರಡಾಗಿ ಒಡೆದು, ಒಂದು ಕತ್ತಿನ ಬಲಭಾಗದ ಮೂಲಕ ತಲೆಗೂ ಇನ್ನೊಂದು ಬಲತೋಳಿಗೂ ಹೋಗುತ್ತದೆ. ಎರಡನೆಯದು ಕತ್ತಿನ ಎಡಭಾಗದಲ್ಲಿ ಮೇಲೇರುತ್ತದೆ. ಮೂರನೆಯದು ನೇರವಾಗಿ ಎಡತೋಳಿನ ಕಡೆ ತಿರುಗುತ್ತದೆ. ತೋಳಿನತ್ತ ಸಾಗುವ ಈ ನಾಳಕ್ಕೆ ವೈದ್ಯಶಾಸ್ತ್ರದಲ್ಲಿ ಸಬ್‌ಕ್ಲೇವಿಯನ್ ಅಪಧಮನಿ ಎಂದು ಹೆಸರು. ಕೊರಳೆಲುಬಿನ ಅಡಿಯಲ್ಲಿ ಹಾಯುವ ನಾಳ ಎಂಬುದೇ ಆ ಹೆಸರಿನ ಅರ್ಥ. ಮೊದಲ ಪಕ್ಕೆಲುಬಿನ ಹೊರ ಅಂಚನ್ನು ದಾಟಿದ ಮೇಲೆ ಅದೇ ನಾಳ ಕಂಕುಳಿನ ಅಪಧಮನಿ ಎನಿಸಿಕೊಳ್ಳುತ್ತದೆ, ಮೇಲ್ತೋಳಿಗೆ ಇಳಿದಾಗ ತೋಳಿನ ಅಪಧಮನಿಯಾಗುತ್ತದೆ, ಮೊಣಕೈಯ ಬಳಿ ಎರಡಾಗಿ ಕವಲೊಡೆಯುತ್ತದೆ. ಹೆಬ್ಬೆರಳಿನ ಬದಿಯಲ್ಲಿ ಮಣಿಕಟ್ಟಿಗೆ ಬರುವ ಕವಲಿನ ಮೇಲೆ ಬೆರಳಿಟ್ಟೇ ನಾಡಿ ನೋಡುವುದು ರೂಢಿ.

ಸಬ್‌ಕ್ಲೇವಿಯನ್ ನಾಳವು ತೋಳೊಂದಕ್ಕೇ ರಕ್ತ ಒದಗಿಸಿ ಸುಮ್ಮನಾಗುವಂಥದ್ದಲ್ಲ. ತೋಳನ್ನು ಮುಟ್ಟುವ ಮೊದಲೇ ಅದರಿಂದ ವರ್ಟೆಬ್ರಲ್ ಅಪಧಮನಿ ಎಂಬ ಕವಲು ಹೊರಟು, ಕತ್ತಿನ ಬೆನ್ನೆಲುಬಿನ ಮಣಿಗಳ ಬದಿಯ ರಂಧ್ರಗಳ ಮೂಲಕ ಮೇಲೇರಿ, ಮಿದುಳಿನ ಹಿಂಭಾಗಕ್ಕೂ ಮಿದುಳುಕಾಂಡಕ್ಕೂ ರಕ್ತ ಒಯ್ಯುತ್ತದೆ. ಅದರ ಎದುರು ಬದಿಯಿಂದ ಎದೆಮೂಳೆಯ ಒಳಪಕ್ಕಕ್ಕೆ ಇಳಿಯುವ ಎದೆನಾಳ ಎಂಬ ಇನ್ನೊಂದು ಕವಲು ಹೊರಡುತ್ತದೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ, ಮುಚ್ಚಿಹೋದ ಹೃದಯದ ನಾಳಕ್ಕೆ ಹೊಸ ರಕ್ತ ಒದಗಿಸಲು ಶಸ್ತ್ರವೈದ್ಯರು ಮೊದಲು ಆರಿಸಿಕೊಳ್ಳುವುದು ಎಡಬದಿಯ ಈ ಕವಲನ್ನೇ. ಆದುದರಿಂದ ಸಬ್‌ಕ್ಲೇವಿಯನ್ ಎಂಬ ಈ ತೋಳಿನ ನಾಳ ಬುಡದಲ್ಲಿ ಕಿರಿದಾದರೆ ತೋಳು, ಮಿದುಳು ಮತ್ತು ಬೈಪಾಸ್ ಆದವರಲ್ಲಿ ಹೃದಯ, ಈ ಮೂರೂ ಒಂದೇ ತೊಂದರೆಯಲ್ಲಿ ಸಿಲುಕಬಹುದು. ಈ ಕಿರಿದಾಗುವಿಕೆಯನ್ನು ಎದೆಯನ್ನು ತೆರೆಯದೆ, ಸೂಜಿ ಚುಚ್ಚಿದಷ್ಟು ಚಿಕ್ಕ ರಂಧ್ರದ ಮೂಲಕ ಸರಿಪಡಿಸುವ ವಿದ್ಯೆ ಹೇಗೆ ಬೆಳೆಯಿತು, ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದೇ ಈ ಅಧ್ಯಾಯದ ವಿಷಯ.

ನಾಳ ಕಿರಿದಾಗುವ ಬಗೆ

ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು, ಜೀವಕೋಶಗಳು, ನಾರು ಮತ್ತು ಸುಣ್ಣದ ಅಂಶ ಸೇರಿಕೊಂಡು ಗೋಡೆ ದಪ್ಪವಾಗಿ ಗಡಸಾಗುವ ಕಾಯಿಲೆಗೆ ಅಥೆರೊಸ್ಕ್ಲೆರೋಸಿಸ್ ಎನ್ನುತ್ತಾರೆ, ಹೀಗೆ ಗೋಡೆಯೊಳಗೆ ಬೆಳೆದ ದಿಣ್ಣೆಗೆ ಪ್ಲೇಕ್ ಎನ್ನುತ್ತಾರೆ. ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಕಾರಣವಾಗುವ ಇದೇ ಕಾಯಿಲೆ ತೋಳಿನ ನಾಳವನ್ನೂ ಕಿರಿದಾಗಿಸುವ ಮುಖ್ಯ ಕಾರಣ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ರಕ್ತದಲ್ಲಿನ ಹೆಚ್ಚು ಕೊಲೆಸ್ಟರಾಲ್ ಮತ್ತು ವಯಸ್ಸು ಅದನ್ನು ಬೆಳೆಸುತ್ತವೆ. ಬಲತೋಳಿಗಿಂತ ಎಡತೋಳಿನ ನಾಳದಲ್ಲಿ ಈ ತೊಂದರೆ ಮೂರು ನಾಲ್ಕು ಪಟ್ಟು ಹೆಚ್ಚಾಗಿ ಕಾಣಿಸುತ್ತದೆ. ಎಡನಾಳವು ಮಹಾಪಧಮನಿಯಿಂದ ನೇರವಾಗಿ, ಕಡಿದಾದ ಕೋನದಲ್ಲಿ ಹೊರಡುವುದರಿಂದ ಅಲ್ಲಿ ರಕ್ತ ಸುಳಿಯಾಗಿ ತಿರುಗಿ ಗೋಡೆಗೆ ಪೆಟ್ಟು ಹೆಚ್ಚುತ್ತದೆ ಎಂದು ತಜ್ಞರು ಇದನ್ನು ವಿವರಿಸುತ್ತಾರೆ.

ಕಾರಣಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು 1908ರಲ್ಲಿ ಯುವತಿಯೊಬ್ಬಳ ಕಣ್ಣಿನ ಒಳಪರದೆಯಲ್ಲಿ ರಕ್ತನಾಳಗಳು ಹೂಮಾಲೆಯಂತೆ ಸುತ್ತಿಕೊಂಡಿರುವುದನ್ನು ವರದಿ ಮಾಡಿದರು. ಅಂಥ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲವೆಂಬುದನ್ನು ಅವರ ಸಮಕಾಲೀನ ವೈದ್ಯರು ಗಮನಿಸಿದರು. ಮಹಾಪಧಮನಿಯ ಮತ್ತು ಅದರ ದೊಡ್ಡ ಕವಲುಗಳ ಗೋಡೆ ಉರಿಯೂತದಿಂದ ದಪ್ಪವಾಗಿ ಕಿರಿದಾಗುವ ಈ ಕಾಯಿಲೆಗೆ ಇಂದು ತಕಯಾಸು ಅರ್ಟರೈಟಿಸ್ ಎಂದು ಹೆಸರಿದ್ದು, ನಾಡಿಯಿಲ್ಲದ ಕಾಯಿಲೆ ಎಂಬ ಇನ್ನೊಂದು ಹೆಸರೂ ಬಳಕೆಯಲ್ಲಿದೆ. ಇದು ಹೆಚ್ಚಾಗಿ ಹರೆಯದ ಮತ್ತು ಮಧ್ಯವಯಸ್ಸಿಗಿಂತ ಕೆಳಗಿನ ಹೆಂಗಸರನ್ನು ಹಿಡಿಯುತ್ತದೆ. ಏಷ್ಯಾದ ದೇಶಗಳಲ್ಲಿ, ಭಾರತವೂ ಸೇರಿದಂತೆ, ಪಶ್ಚಿಮದ ದೇಶಗಳಿಗಿಂತ ಹೆಚ್ಚಾಗಿ ಕಾಣುತ್ತದೆ. ಹೀಗಾಗಿ ನಾಳದ ಕಾಯಿಲೆ ವಯಸ್ಸಾದ ಗಂಡಸರದು ಎಂಬ ಸಾಮಾನ್ಯ ನಂಬಿಕೆ ಭಾರತದ ಮಟ್ಟಿಗೆ ಅಪೂರ್ಣವಾದುದು. ಸ್ತನದ ಕ್ಯಾನ್ಸರಿಗೆಂದು ಕೊಟ್ಟ ವಿಕಿರಣವು ಹಲವು ವರ್ಷಗಳ ಬಳಿಕ ಕಂಕುಳಿನ ನಾಳವನ್ನು ಗಡಸಾಗಿಸುವುದುಂಟು. ಕೆಲವರಲ್ಲಿ ಹುಟ್ಟಿನಿಂದಲೇ ಇರುವ ಹೆಚ್ಚುವರಿ ಪಕ್ಕೆಲುಬು ನಾಳವನ್ನು ಹೊರಗಿನಿಂದ ಒತ್ತುವುದೂ ಉಂಟು. ಕಾರಣ ಯಾವುದೆಂಬುದರ ಮೇಲೆಯೇ ಚಿಕಿತ್ಸೆಯ ದಾರಿ ನಿರ್ಧಾರವಾಗುವುದರಿಂದ ಈ ಭೇದಗಳನ್ನು ಮೊದಲೇ ಅರಿಯುವುದು ಅಗತ್ಯ.

ಕಿರಿದಾದ ನಾಳದಲ್ಲಿ ರಕ್ತ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಸರಳವಾದ ಲೆಕ್ಕವೊಂದಿದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಪ್ವಾಸೆಯ್ ಸಣ್ಣ ಕೊಳವೆಗಳಲ್ಲಿ ದ್ರವ ಹರಿಯುವ ಬಗೆಯನ್ನು ಅಳೆದು, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ ಎಂದು ಕಂಡುಕೊಂಡರು. ಅಂದರೆ ಕೊಳವೆಯ ಒಳವ್ಯಾಸ ಅರ್ಧಕ್ಕೆ ಇಳಿದಾಗ ರಕ್ತ ಸಾಗುವ ಜಾಗ ನಾಲ್ಕರಲ್ಲಿ ಒಂದು ಪಾಲಾಗುತ್ತದೆ, ಆ ಭಾಗ ಹರಿವಿಗೆ ಒಡ್ಡುವ ತಡೆ ಹದಿನಾರು ಪಟ್ಟಾಗುತ್ತದೆ. ಜೀವಂತ ನಾಳದಲ್ಲಿ ರಕ್ತ ಮಿಡಿತಮಿಡಿತವಾಗಿ ಹರಿಯುವುದರಿಂದ ಈ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಹೊಂದುವುದಿಲ್ಲವಾದರೂ, ವ್ಯಾಸದಲ್ಲಿ ಆಗುವ ಸಣ್ಣ ಬದಲಾವಣೆ ಹರಿವಿನಲ್ಲಿ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ ಎಂಬ ತಿರುಳು ಅದರಲ್ಲಿದೆ. ಎರಡು ಮೂರು ಮಿಲಿಮೀಟರಿನಷ್ಟು ನಾಳವನ್ನು ಅಗಲಿಸುವ ಚಿಕಿತ್ಸೆ ರೋಗಿಯ ಕೈಗೆ ಬಲ ತರುವುದು ಇದೇ ಕಾರಣದಿಂದ.

ಹಿಮ್ಮುಖವಾಗುವ ಹರಿವು

ತೋಳಿನ ನಾಳದ ಕಾಯಿಲೆ ಹೆಚ್ಚಿನವರಲ್ಲಿ ಸದ್ದಿಲ್ಲದೆ ಇದ್ದುಬಿಡುತ್ತದೆ. ಭುಜ, ಕತ್ತು, ಎದೆಗೂಡುಗಳ ಸುತ್ತ ಹಲವು ಸಣ್ಣ ನಾಳಗಳು ಒಂದನ್ನೊಂದು ಕೂಡಿಕೊಂಡು ಬಲೆಯಂತೆ ಹರಡಿರುವುದರಿಂದ, ದೊಡ್ಡ ದಾರಿ ನಿಧಾನವಾಗಿ ಮುಚ್ಚಿದಂತೆ ಈ ಕಿರುದಾರಿಗಳು ಹಿಗ್ಗಿ ರಕ್ತವನ್ನು ಸುತ್ತುಬಳಸಿ ತೋಳಿಗೆ ಮುಟ್ಟಿಸುತ್ತವೆ. ಕಾಲಿನಂತೆ ತೋಳು ದೇಹದ ಭಾರ ಹೊತ್ತು ನಡೆಯುವ ಅಂಗವಲ್ಲವಾದ್ದರಿಂದ ಅದರ ರಕ್ತದ ಬೇಡಿಕೆಯೂ ಕಡಿಮೆ. ಕೊರತೆ ಹೆಚ್ಚಿದಾಗ ಮಾತ್ರ ಕೈ ಎತ್ತಿ ಕೆಲಸ ಮಾಡುವಾಗ ತೋಳು ಬೇಗ ಸೋಲುವುದು, ಸೆಳೆತ ಬರುವುದು, ಬೆರಳುಗಳು ತಣ್ಣಗಾಗಿ ಜೋಮು ಹಿಡಿಯುವುದು ಕಾಣಿಸಿಕೊಳ್ಳುತ್ತದೆ. ಪ್ಲೇಕಿನ ಚೂರೋ ಹೆಪ್ಪಿನ ತುಣುಕೋ ಕಳಚಿ ಬೆರಳಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಬೆರಳ ತುದಿ ಕಪ್ಪಾಗುವುದೂ ಉಂಟು.

ಇದಕ್ಕಿಂತ ವಿಚಿತ್ರವಾದ ಲಕ್ಷಣವೊಂದನ್ನು ಅರ್ಥಮಾಡಿಕೊಳ್ಳಲು ವೈದ್ಯಲೋಕಕ್ಕೆ 1960ರ ದಶಕದವರೆಗೆ ಸಮಯ ಹಿಡಿಯಿತು. ಎಡ ಮತ್ತು ಬಲ ವರ್ಟೆಬ್ರಲ್ ಅಪಧಮನಿಗಳು ಮೇಲೇರಿ ಮಿದುಳುಕಾಂಡದ ಬಳಿ ಒಂದಾಗುತ್ತವೆ. ಎಡತೋಳಿನ ನಾಳ ತನ್ನ ಬುಡದಲ್ಲಿ, ಅಂದರೆ ವರ್ಟೆಬ್ರಲ್ ಕವಲು ಹೊರಡುವ ಮೊದಲೇ ಮುಚ್ಚಿಕೊಂಡರೆ, ತಡೆಯ ಆಚೆಗೆ ಒತ್ತಡ ತೀರ ಕುಸಿಯುತ್ತದೆ. ರಕ್ತ ಸದಾ ಹೆಚ್ಚಿನ ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೇ ಹರಿಯುವುದರಿಂದ, ಬಲಬದಿಯಲ್ಲಿ ಮಿದುಳಿಗೆಂದು ಮೇಲೇರಿದ ರಕ್ತದ ಒಂದು ಪಾಲು ಎಡ ವರ್ಟೆಬ್ರಲ್ ನಾಳದಲ್ಲಿ ಹಿಮ್ಮುಖವಾಗಿ ಕೆಳಗಿಳಿದು ತೋಳನ್ನು ಸೇರುತ್ತದೆ. ಮೇಲಿನ ತೂಬು ಮುಚ್ಚಿದ ಕಾಲುವೆಗೆ ಪಕ್ಕದ ಕಾಲುವೆಯ ನೀರು ಕೂಡುಗಾಲುವೆಯಿಂದ ಹಿಂದಕ್ಕೆ ಹರಿದು ಬರುವಂತೆಯೇ ಇದು. ಆ ತೋಳಿನಿಂದ ಬಟ್ಟೆ ಒಗೆಯುವುದು, ನೀರು ಸೇದುವುದು ಮೊದಲಾದ ಶ್ರಮದ ಕೆಲಸ ಮಾಡಿದಾಗ ಸ್ನಾಯುವಿನ ಕಿರುನಾಳಗಳು ಹಿಗ್ಗಿ ಒತ್ತಡ ಇನ್ನಷ್ಟು ಇಳಿಯುತ್ತದೆ, ಮಿದುಳಿನಿಂದ ರಕ್ತದ ಸೆಳೆತ ಹೆಚ್ಚುತ್ತದೆ. ಆಗ ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಒಮ್ಮೊಮ್ಮೆ ಎಚ್ಚರ ತಪ್ಪುವುದು ಸಂಭವಿಸುತ್ತದೆ. ಇಟಲಿಯ ಕಾಂಟೋರ್ನಿ 1960ರಲ್ಲಿ ಈ ಹಿಮ್ಮುಖ ಹರಿವನ್ನು ಎಕ್ಸ್-ರೇ ಚಿತ್ರದಲ್ಲಿ ತೋರಿಸಿದರು. 1961ರಲ್ಲಿ ಅಮೆರಿಕದ ರೀವಿಚ್ ಮತ್ತು ಸಂಗಡಿಗರು ಅದನ್ನು ಮಿದುಳಿನ ಲಕ್ಷಣಗಳೊಂದಿಗೆ ಜೋಡಿಸಿದರು. ಅದೇ ವರ್ಷ ಅದಕ್ಕೆ ಸಬ್‌ಕ್ಲೇವಿಯನ್ ಸ್ಟೀಲ್, ಅಂದರೆ ತೋಳಿನ ನಾಳ ಮಾಡುವ ರಕ್ತದ ಕಳವು ಎಂಬ ಹೆಸರು ಬಂತು.

ಎಡಬದಿಯ ಎದೆನಾಳವನ್ನು ಹೃದಯಕ್ಕೆ ಜೋಡಿಸಿ ಬೈಪಾಸ್ ಮಾಡಿಸಿಕೊಂಡವರಲ್ಲಿ ಇದೇ ಕಳವು ಇನ್ನೊಂದು ರೂಪ ತಾಳುತ್ತದೆ. ತೋಳಿನ ನಾಳದ ಬುಡ ಕಿರಿದಾದಾಗ ಜೋಡಿಸಿದ ನಾಳಕ್ಕೂ ರಕ್ತ ಸಾಲದಾಗುತ್ತದೆ; ಕೆಲವೊಮ್ಮೆ ಹೃದಯದ ಕಡೆಯಿಂದಲೇ ರಕ್ತ ತೋಳಿನತ್ತ ಹಿಂದಿರುಗಿ, ಎಡಗೈಯಿಂದ ಕೆಲಸ ಮಾಡಿದಾಗಲೆಲ್ಲ ಎದೆನೋವು ಮರುಕಳಿಸುತ್ತದೆ. ಬೈಪಾಸ್ ಚೆನ್ನಾಗಿಯೇ ಆಗಿರುತ್ತದೆ, ಜೋಡಿಸಿದ ನಾಳವೂ ತೆರೆದೇ ಇರುತ್ತದೆ. ತೊಂದರೆ ಇರುವುದು ಅದಕ್ಕೆ ರಕ್ತ ಉಣಿಸುವ ಮೂಲದಲ್ಲಿ.

ಪತ್ತೆಯ ಮೊದಲ ಹೆಜ್ಜೆ

ಇಂಥ ಕಾಯಿಲೆಯ ಸುಳಿವು ಕೊಡುವ ಮೊದಲ ಸಾಧನ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುವ ಬಿ.ಪಿ. ಯಂತ್ರ. ಆರೋಗ್ಯವಂತರ ಎರಡು ತೋಳುಗಳ ಮೇಲಿನ ಒತ್ತಡ, ಅಂದರೆ ಹೃದಯ ಕುಗ್ಗಿದಾಗ ಬರುವ ಸಿಸ್ಟಾಲಿಕ್ ಅಂಕಿ, ಸಾಮಾನ್ಯವಾಗಿ ಪಾದರಸದ 10 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ತೋರುವುದಿಲ್ಲ. ಈ ಅಂತರ 15 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದು ಮತ್ತೆ ಅಳೆದಾಗಲೂ ಉಳಿದರೆ, ಕಡಿಮೆ ಒತ್ತಡದ ತೋಳಿನ ನಾಳದಲ್ಲಿ ತಡೆಯಿರಬಹುದೆಂದು ಶಂಕಿಸಬೇಕು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದೇ ಅಂತರವನ್ನು ಅಳತೆಗೋಲಾಗಿ ಹಿಡಿದು, ಸಾಮಾನ್ಯ ಜನರಲ್ಲಿ ಶೇಕಡ 1.9 ಮಂದಿಯಲ್ಲೂ, ಆಸ್ಪತ್ರೆಗೆ ಬಂದವರ ಗುಂಪುಗಳಲ್ಲಿ ಶೇಕಡ 7.1 ಮಂದಿಯಲ್ಲೂ ಈ ಕಿರಿದಾಗುವಿಕೆಯನ್ನು ಗುರುತಿಸಿತು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯು 15 ಮಿಲಿಮೀಟರಿನ ಅಂತರಕ್ಕೂ ದೇಹದ ಬೇರೆಡೆಯ ನಾಳಗಳ ಕಾಯಿಲೆಗೂ ಸಾವಿನ ಅಪಾಯಕ್ಕೂ ನಂಟಿರುವುದನ್ನು ತೋರಿಸಿತು.

ಒಂದೇ ತೋಳಿನಲ್ಲಿ ಒತ್ತಡ ನೋಡುವ ರೂಢಿಯಿಂದ ಆಗುವ ಹಾನಿ ಎರಡು ಬಗೆಯದು. ಒಂದು, ನಾಳದ ಕಾಯಿಲೆಯೇ ಕಣ್ತಪ್ಪುತ್ತದೆ. ಇನ್ನೊಂದು, ಕಾಯಿಲೆಯಿರುವ ತೋಳಿನಲ್ಲಿ ಅಳೆದ ಅಂಕಿ ಸುಳ್ಳು ಹೇಳುತ್ತದೆ: ಬಲತೋಳಿನಲ್ಲಿ 170 ಇರುವ ವ್ಯಕ್ತಿಗೆ ಎಡತೋಳಿನಲ್ಲಿ 130 ಕಂಡರೆ, ಒತ್ತಡ ಸರಿಯಾಗಿದೆಯೆಂದು ಭಾವಿಸಿ ಅವರನ್ನು ಮನೆಗೆ ಕಳುಹಿಸುವ ಸಂಭವವಿದೆ, ಅತ್ತ ಮಿದುಳು, ಮೂತ್ರಪಿಂಡ, ಹೃದಯಗಳು 170ರ ಹೊಡೆತವನ್ನೇ ತಿನ್ನುತ್ತಿರುತ್ತವೆ. ಆದ್ದರಿಂದ ಎರಡು ತೋಳುಗಳ ಅಂಕಿ ಬೇರೆಯಾದಾಗ ಹೆಚ್ಚಿರುವುದನ್ನೇ ನಿಜವೆಂದು ಹಿಡಿಯುವುದು ನಿಯಮ. ತಕಯಾಸು ಕಾಯಿಲೆಯಲ್ಲಿ ಎರಡೂ ತೋಳುಗಳ ನಾಳ ಕಿರಿದಾಗಿ ಎರಡೂ ಅಂಕಿಗಳು ತಪ್ಪಾಗಿ ಕಡಿಮೆ ಬರಬಹುದು. ಅಂಥವರಲ್ಲಿ ಕಾಲಿನ ಒತ್ತಡವನ್ನೂ ನೋಡಬೇಕಾಗುತ್ತದೆ.

ಸಂಶಯ ಮೂಡಿದ ಬಳಿಕ ಶ್ರವಣಾತೀತ ತರಂಗಗಳಿಂದ ರಕ್ತದ ವೇಗ ಮತ್ತು ದಿಕ್ಕನ್ನು ತೋರಿಸುವ ಡಾಪ್ಲರ್ ಪರೀಕ್ಷೆ ಮಾಡುತ್ತಾರೆ. ವರ್ಟೆಬ್ರಲ್ ನಾಳದಲ್ಲಿ ಹರಿವು ಹಿಮ್ಮುಖವಾಗಿದ್ದರೆ ಅದು ಇಲ್ಲಿಯೇ ಕಂಡುಬರುತ್ತದೆ. ಎಕ್ಸ್-ರೇಯಲ್ಲಿ ಎದ್ದು ಕಾಣುವ ಡೈಯನ್ನು ರಕ್ತಕ್ಕೆ ಬಿಟ್ಟು ತೆಗೆಯುವ ಸಿ.ಟಿ. ಆಂಜಿಯೋಗ್ರಾಮ್ ತಡೆಯ ಜಾಗ, ಉದ್ದ, ಸುಣ್ಣಗಟ್ಟಿದ ಪ್ರಮಾಣ ಮತ್ತು ವರ್ಟೆಬ್ರಲ್ ಕವಲಿನಿಂದ ಅದು ಎಷ್ಟು ದೂರವಿದೆ ಎಂಬುದನ್ನು ತಿಳಿಸುತ್ತದೆ. ಚಿಕಿತ್ಸೆಯ ನಕ್ಷೆ ಸಿದ್ಧವಾಗುವುದು ಈ ಚಿತ್ರದ ಮೇಲೆ.

ಕತ್ತಿಯಿಂದ ತಂತಿಯವರೆಗೆ

ಆರಂಭದಲ್ಲಿ ಈ ಕಾಯಿಲೆಗಿದ್ದ ಚಿಕಿತ್ಸೆ ಶಸ್ತ್ರಕ್ರಿಯೆಯೊಂದೇ. 1950ರ ದಶಕದಲ್ಲಿ ಶಸ್ತ್ರವೈದ್ಯರು ಎದೆಗೂಡನ್ನು ತೆರೆದು ಮಹಾಪಧಮನಿಯ ಬಳಿಯೇ ನಾಳವನ್ನು ಸ್ವಚ್ಛಗೊಳಿಸುತ್ತಿದ್ದರು ಅಥವಾ ಕೃತಕ ನಾಳ ಹೊಲಿಯುತ್ತಿದ್ದರು. ಅದು ಪ್ರಾಣಾಪಾಯ ಹೆಚ್ಚಿದ್ದ ಕೆಲಸ. 1960ರ ದಶಕದಲ್ಲಿ ಎದೆಯನ್ನು ಬಿಟ್ಟು ಕೊರಳೆಲುಬಿನ ಮೇಲ್ಗಡೆಯ ಗಾಯದ ಮೂಲಕವೇ ಕತ್ತಿನ ಕೆರೋಟಿಡ್ ಅಪಧಮನಿಯಿಂದ ತೋಳಿನ ನಾಳಕ್ಕೆ ಸೇತುವೆಯಂತೆ ಕೃತಕ ನಾಳ ಜೋಡಿಸುವ ವಿಧಾನ ನೆಲೆಯೂರಿದಾಗ ಅಪಾಯ ಬಹಳಷ್ಟು ತಗ್ಗಿತು. ಈ ಸೇತುವೆ ಹಲವು ವರ್ಷ ಬಾಳುವುದರಿಂದ ಅದಕ್ಕೆ ಇಂದಿಗೂ ತನ್ನದೇ ಸ್ಥಾನವಿದೆ.

ಅದೇ ಹೊತ್ತಿಗೆ ನಾಳವನ್ನು ಒಳಗಿನಿಂದ ತಲುಪುವ ವಿದ್ಯೆ ಬೇರೆಡೆ ಬೆಳೆಯುತ್ತಿತ್ತು. ಸ್ವೀಡನ್ನಿನ ವಿಕಿರಣ ತಜ್ಞ ಸ್ವೆನ್ ಇವಾರ್ ಸೆಲ್ಡಿಂಗರ್ 1953ರಲ್ಲಿ ಸರಳ ಉಪಾಯವೊಂದನ್ನು ಪ್ರಕಟಿಸಿದರು: ಟೊಳ್ಳು ಸೂಜಿಯಿಂದ ಅಪಧಮನಿಯನ್ನು ಚುಚ್ಚಿ, ಸೂಜಿಯೊಳಗಿಂದ ತೆಳುವಾದ ತಂತಿಯನ್ನು ನಾಳಕ್ಕೆ ಇಳಿಸಿ, ಸೂಜಿಯನ್ನು ಹೊರತೆಗೆದು, ತಂತಿಯ ಮೇಲೆ ಪೋಣಿಸಿದಂತೆ ಮೆತ್ತನೆಯ ನಳಿಕೆಯನ್ನು ಒಳಗೆ ಜಾರಿಸುವುದು. ಆ ನಳಿಕೆಗೆ ಕ್ಯಾಥೆಟರ್ ಎಂದು ಹೆಸರು. ನಾಳವನ್ನು ಕೊಯ್ದು ತೆರೆಯುವ ಅಗತ್ಯವನ್ನೇ ಇಲ್ಲವಾಗಿಸಿದ ಈ ಉಪಾಯದ ಮೇಲೆಯೇ ಮುಂದಿನದೆಲ್ಲ ನಿಂತಿದೆ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಿಕೊಳ್ಳಲು ಒಪ್ಪದ 82 ವರ್ಷದ ವೃದ್ಧೆಯೊಬ್ಬರ ತೊಡೆಯ ನಾಳದಲ್ಲಿದ್ದ ತಡೆಯ ಮೂಲಕ ತಂತಿ ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ನಳಿಕೆಗಳನ್ನು ಹಾಯಿಸಿ ದಾರಿ ಅಗಲ ಮಾಡಿದರು. ಆ ವೃದ್ಧೆ ತನ್ನ ಕಾಲನ್ನು ಉಳಿಸಿಕೊಂಡರು. ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲಸ ಮಾಡುತ್ತಿದ್ದ ಆಂದ್ರೆಯಸ್ ಗ್ರುಂಟ್ಸಿಗ್ ದಪ್ಪ ನಳಿಕೆಗಳ ಬದಲಿಗೆ, ಉಬ್ಬಿಸಿದಾಗ ನಿಗದಿತ ಅಳತೆಯನ್ನು ಮೀರದ ಉರುಳೆಯಾಕಾರದ ಬಲೂನನ್ನು ನಳಿಕೆಯ ತುದಿಗೆ ಕೂರಿಸಿದರು. 1974ರಲ್ಲಿ ಅದನ್ನು ಕಾಲಿನ ನಾಳದಲ್ಲೂ 1977ರ ಸೆಪ್ಟೆಂಬರ್ 16ರಂದು ಹೃದಯದ ನಾಳದಲ್ಲೂ ಬಳಸಿದರು. ಬಲೂನಿನಿಂದ ನಾಳವನ್ನು ಅಗಲಿಸುವ ಈ ಕ್ರಿಯೆಯೇ ಆಂಜಿಯೋಪ್ಲಾಸ್ಟಿ.

ತೋಳಿನ ನಾಳಕ್ಕೆ ಬಲೂನು ಮುಟ್ಟಿದ ಮೊದಲ ವರದಿಗಳು 1980ರವು. ಇಷ್ಟು ತಡವಾದುದಕ್ಕೆ ಕಾರಣ ಹೆದರಿಕೆ: ಬಲೂನು ಉಬ್ಬಿದಾಗ ಒಡೆದ ಪ್ಲೇಕಿನ ಚೂರುಗಳು ಪಕ್ಕದ ವರ್ಟೆಬ್ರಲ್ ಕವಲಿಗೆ ನುಗ್ಗಿ ಮಿದುಳನ್ನು ಸೇರಿದರೆ ಪಾರ್ಶ್ವವಾಯು ಖಚಿತವೆಂದು ವೈದ್ಯರು ಅಂಜಿದ್ದರು. ಆ ಅಂಜಿಕೆ ಹುಸಿಯೆನಿಸಿದ್ದು ದೇಹವೇ ಒದಗಿಸಿದ ರಕ್ಷಣೆಯಿಂದ. ಜರ್ಮನಿಯ ರಿಂಗೆಲ್‌ಸ್ಟೈನ್ ಮತ್ತು ಜ್ಯೂಮರ್ 1984ರಲ್ಲಿ ಚಿಕಿತ್ಸೆಯ ವೇಳೆಯಲ್ಲೇ ಡಾಪ್ಲರ್ ಹಿಡಿದು ನೋಡಿದಾಗ, ತಡೆ ತೆರೆದ ಕ್ಷಣವೇ ವರ್ಟೆಬ್ರಲ್ ನಾಳದ ಹರಿವು ಸರಿದಿಕ್ಕಿಗೆ ತಿರುಗುವುದಿಲ್ಲವೆಂಬುದು ತಿಳಿಯಿತು. ಅದಕ್ಕೆ ಸುಮಾರು 20 ಸೆಕೆಂಡುಗಳಿಂದ ಹಿಡಿದು ಕೆಲವು ನಿಮಿಷಗಳು ಬೇಕಾಗುತ್ತವೆ. ಅಷ್ಟು ಹೊತ್ತೂ ರಕ್ತ ಮಿದುಳಿನಿಂದ ತೋಳಿನತ್ತಲೇ ಇಳಿಯುತ್ತಿರುವುದರಿಂದ ಕಳಚಿದ ಚೂರುಗಳು ಮಿದುಳಿನ ಬದಲು ತೋಳಿಗೆ ಕೊಚ್ಚಿಹೋಗುತ್ತವೆ. ಕಾಯಿಲೆಯ ಕೇಡೆಂದು ಬಗೆದ ಹಿಮ್ಮುಖ ಹರಿವೇ ಚಿಕಿತ್ಸೆಯ ವೇಳೆ ಮಿದುಳಿನ ಕಾವಲಾಗುತ್ತದೆ.

ಚಿಕಿತ್ಸೆ ನಡೆಯುವ ಕ್ರಮ

ಈ ಚಿಕಿತ್ಸೆ ಸಾಮಾನ್ಯವಾಗಿ ಸ್ಥಳೀಯ ಅರಿವಳಿಕೆಯಲ್ಲಿ ನಡೆಯುತ್ತದೆ. ರೋಗಿ ಎಚ್ಚರವಾಗಿರುತ್ತಾರೆ, ಮಾತಾಡಬಲ್ಲರು, ಮಿದುಳಿನ ತೊಂದರೆಯ ಸಣ್ಣ ಸೂಚನೆಯನ್ನೂ ವೈದ್ಯರು ಅವರ ಮಾತು ಮತ್ತು ಕೈಚಲನೆಯಿಂದಲೇ ಗುರುತಿಸಬಲ್ಲರು. ತೊಡೆಸಂದಿನ ಅಪಧಮನಿಯನ್ನು, ಕೆಲವೊಮ್ಮೆ ಮೊಣಕೈ ಅಥವಾ ಮಣಿಕಟ್ಟಿನ ನಾಳವನ್ನು ಚುಚ್ಚಿ, ಉಪಕರಣಗಳು ಹೋಗಿಬರಲು ಬಾಗಿಲಿನಂತೆ ಶೀತ್ ಎಂಬ ಗಿಡ್ಡ ಕೊಳವೆಯನ್ನು ಕೂರಿಸುತ್ತಾರೆ. ಇಂಥ ಕೊಳವೆಗಳ ಅಳತೆ ಫ್ರೆಂಚ್ ಎಂಬ ಮಾನದಲ್ಲಿದ್ದು, ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. ತೋಳಿನ ನಾಳದ ಚಿಕಿತ್ಸೆಗೆ ಬಹಳಮಟ್ಟಿಗೆ 6ರಿಂದ 8 ಫ್ರೆಂಚ್ ಕೊಳವೆ, ಅಂದರೆ ಎರಡರಿಂದ ಎರಡೂವರೆ ಮಿಲಿಮೀಟರಿನ ಆಸುಪಾಸಿನದು ಸಾಕು. ಹೆಪ್ಪು ಕಟ್ಟದಂತೆ ಹೆಪಾರಿನ್ ಕೊಟ್ಟು, ಎಕ್ಸ್-ರೇ ಪರದೆಯನ್ನು ನೋಡುತ್ತ ತಂತಿಯನ್ನು ಮಹಾಪಧಮನಿಯ ಬಾಗಿನವರೆಗೆ ಒಯ್ದು ತಡೆಯನ್ನು ದಾಟಿಸುತ್ತಾರೆ. ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಕೈಚಳಕ ಬೇಡುವ ಘಟ್ಟ ಇದೇ. ನಾಳ ಪೂರ್ತಿ ಮುಚ್ಚಿಹೋಗಿದ್ದರೆ ಒಂದು ತಂತಿಯನ್ನು ತೊಡೆಯ ಕಡೆಯಿಂದಲೂ ಇನ್ನೊಂದನ್ನು ತೋಳಿನ ಕಡೆಯಿಂದಲೂ ತಂದು, ಎರಡು ಬದಿಯಿಂದ ಸುರಂಗ ಕೊರೆಯುವವರಂತೆ ತಡೆಯನ್ನು ದಾಟಬೇಕಾಗುತ್ತದೆ.

ತಂತಿ ದಾಟಿದ ಮೇಲೆ ತಡೆಯ ಹಿಂದೆ ಮುಂದೆ ಒತ್ತಡ ಅಳೆದು, ಆ ಕಿರಿದಾಗುವಿಕೆ ನಿಜಕ್ಕೂ ಹರಿವನ್ನು ಕಟ್ಟುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಅನಂತರ ಪಕ್ಕದ ಆರೋಗ್ಯಕರ ಭಾಗದ ವ್ಯಾಸಕ್ಕೆ ಹೊಂದುವ, ಹೆಚ್ಚಾಗಿ 6ರಿಂದ 8 ಮಿಲಿಮೀಟರಿನ ಬಲೂನನ್ನು ತಂತಿಯ ಮೇಲೆ ಜಾರಿಸಿ, ಡೈ ಬೆರೆಸಿದ ದ್ರವದಿಂದ ಉಬ್ಬಿಸುತ್ತಾರೆ. ಬಲೂನು ಪ್ಲೇಕನ್ನು ಕರಗಿಸುವುದಿಲ್ಲ, ಹೊರಗೂ ತೆಗೆಯುವುದಿಲ್ಲ. ಅದನ್ನು ಬಿರುಕುಗೊಳಿಸಿ ಗೋಡೆಗೆ ಒತ್ತಿ, ಗೋಡೆಯನ್ನೂ ಹಿಗ್ಗಿಸಿ ಜಾಗ ಮಾಡುತ್ತದೆ. ಹಿಗ್ಗಿದ ಗೋಡೆ ರಬ್ಬರಿನಂತೆ ಮತ್ತೆ ಕುಗ್ಗುವ ಸ್ವಭಾವದ್ದಾದ್ದರಿಂದ, ಅದನ್ನು ತಡೆದು ನಿಲ್ಲಿಸಲು ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆಯನ್ನು ಇರಿಸುತ್ತಾರೆ. ಬಲೂನಿನಿಂದ ಅಗಲಿಸುವ ಸ್ಟೆಂಟನ್ನು ರೂಪಿಸಿದವರು ಅರ್ಜೆಂಟೀನಾ ಮೂಲದ ಹೂಲಿಯೊ ಪಾಲ್ಮಾಜ್.

ಸ್ಟೆಂಟಿನ ಆಯ್ಕೆಯಲ್ಲಿ ತೋಳಿನ ಶರೀರ ರಚನೆಯೇ ವೈದ್ಯರ ಕೈ ಹಿಡಿದು ನಡೆಸುತ್ತದೆ. ನಾಳದ ಬುಡ ಎದೆಗೂಡಿನೊಳಗೆ ಅಲುಗಾಡದೆ ಇರುತ್ತದೆ, ಅಲ್ಲಿನ ಪ್ಲೇಕ್ ಹೆಚ್ಚಾಗಿ ಗಡಸು. ಆದ್ದರಿಂದ ಅಲ್ಲಿಗೆ ಬಲೂನಿನಿಂದ ಅಗಲಿಸುವ, ಗಟ್ಟಿಯಾಗಿ ಒತ್ತಿ ನಿಲ್ಲುವ, ಕರಾರುವಾಕ್ಕಾಗಿ ಕೂರಿಸಬಹುದಾದ ಸ್ಟೆಂಟ್ ಸೂಕ್ತ. ಭುಜದ ಕಡೆ ಸಾಗಿದಂತೆ ನಾಳ ತೋಳಿನೊಡನೆ ಬಾಗುತ್ತದೆ, ಹೊರಳುತ್ತದೆ. ಅಲ್ಲಿ ನಿಕ್ಕಲ್ ಮತ್ತು ಟೈಟೇನಿಯಂ ಬೆರಕೆಯ ನಿಟಿನಾಲ್ ಎಂಬ ಲೋಹದಿಂದ ಮಾಡಿದ, ಮಡಿಸಿದರೂ ಮೂಲ ಆಕಾರಕ್ಕೆ ಮರಳುವ, ತಾನಾಗಿ ಅರಳುವ ಸ್ಟೆಂಟ್ ಬೇಕು. ಮೊದಲ ಪಕ್ಕೆಲುಬು ಮತ್ತು ಕೊರಳೆಲುಬುಗಳ ನಡುವೆ ನಾಳ ನುಸುಳುವ ಇಕ್ಕಟ್ಟಿನ ಜಾಗದಲ್ಲಿ ಮಾತ್ರ ಯಾವ ಸ್ಟೆಂಟನ್ನೂ ಆದಷ್ಟು ಇಡುವುದಿಲ್ಲ. ಕೈ ಎತ್ತಿದಾಗಲೆಲ್ಲ ಎರಡು ಎಲುಬುಗಳು ಅದನ್ನು ಕತ್ತರಿಯಂತೆ ಅದುಮಿ ಕೊನೆಗೆ ಮುರಿಯುತ್ತವೆ. ಹೆಚ್ಚುವರಿ ಪಕ್ಕೆಲುಬು ನಾಳವನ್ನು ಒತ್ತುತ್ತಿದ್ದರೆ ಆ ಎಲುಬನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದೇ ಮೊದಲ ಕೆಲಸ. ವರ್ಟೆಬ್ರಲ್ ಕವಲಿನ ಬಾಯಿಗೂ ಎದೆನಾಳದ ಬಾಯಿಗೂ ಸ್ಟೆಂಟ್ ಅಡ್ಡ ಬಾರದಂತೆ ನೋಡಿಕೊಳ್ಳುವುದು ಎಲ್ಲ ಸಂದರ್ಭಗಳಲ್ಲೂ ಪಾಲಿಸಬೇಕಾದ ಎಚ್ಚರಿಕೆ.

ಕೆಲಸ ಮುಗಿದ ಮೇಲೆ ಮತ್ತೆ ಒತ್ತಡ ಅಳೆದು ಅಂತರ ಅಳಿದಿದೆಯೆಂದು ನೋಡಿ, ಉಪಕರಣಗಳನ್ನು ಹೊರತೆಗೆದು, ಚುಚ್ಚಿದ ಜಾಗವನ್ನು ಒತ್ತಿ ಹಿಡಿದೋ ಮುಚ್ಚುವ ಸಾಧನ ಬಳಸಿಯೋ ರಕ್ತಸ್ರಾವ ನಿಲ್ಲಿಸುತ್ತಾರೆ. ಹೆಚ್ಚಿನವರು ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾರೆ. ಸ್ಟೆಂಟಿನ ಲೋಹದ ಮೇಲೆ ಹೆಪ್ಪು ಕಟ್ಟದಂತೆ, ರಕ್ತದ ಕಿರುಬಿಲ್ಲೆಗಳು ಅಂಟಿಕೊಳ್ಳುವುದನ್ನು ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಒಟ್ಟಿಗೆ, ಅನಂತರ ಒಂದನ್ನು ಮುಂದುವರಿಸಿ ಕೊಡುತ್ತಾರೆ.

ಫಲ, ಅಪಾಯ ಮತ್ತು ಮಿತಿ

ನಾಳ ಕಿರಿದಾಗಿದ್ದು ಪೂರ್ತಿ ಮುಚ್ಚಿಲ್ಲದಿದ್ದರೆ, ಅನುಭವಿಗಳ ಕೈಯಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ದಾರಿ ತೆರೆಯುತ್ತದೆ. ಪೂರ್ತಿ ಮುಚ್ಚಿದ ನಾಳದಲ್ಲಿ ತಂತಿಯೇ ದಾಟದೆ ಹೋಗಬಹುದಾದ್ದರಿಂದ ಯಶಸ್ಸು ಅಷ್ಟಿಲ್ಲ. ಚುಚ್ಚಿದ ಜಾಗದಲ್ಲಿ ರಕ್ತ ಸೋರಿ ಗಂಟಾಗುವುದು ಹೆಚ್ಚಾಗಿ ಕಾಣುವ ತೊಂದರೆ. ನಾಳದ ಒಳಪದರ ಸೀಳುವುದು, ಚೂರುಗಳು ಬೆರಳಿಗೆ ಹೋಗುವುದು, ಪಾರ್ಶ್ವವಾಯು, ನಾಳ ಒಡೆಯುವುದು ವಿರಳವಾದರೂ ಇಲ್ಲದಿಲ್ಲ. ಡೈಯಿಂದ ದುರ್ಬಲ ಮೂತ್ರಪಿಂಡಗಳಿಗೆ ಹೊರೆಯಾಗುವುದೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದುದು ಮರುಕಿರಿದಾಗುವಿಕೆ: ಬಲೂನಿನ ಗಾಯ ಮಾಯುವಾಗ ಗೋಡೆಯ ಜೀವಕೋಶಗಳು ಅತಿಯಾಗಿ ಬೆಳೆದು ಸ್ಟೆಂಟಿನೊಳಗೇ ದಾರಿ ಮತ್ತೆ ಕಿರಿದಾಗಬಹುದು. ಬಹುಕಾಲ ಬಾಳುವ ಗುಣದಲ್ಲಿ ಕತ್ತಿನ ನಾಳದಿಂದ ಜೋಡಿಸುವ ಸೇತುವೆ ಸ್ಟೆಂಟಿಗಿಂತ ಮುಂದಿದೆ. ಆರಂಭದ ಅಪಾಯ ಕಡಿಮೆಯಿರುವುದರಲ್ಲಿ, ಬೇಗ ಚೇತರಿಸಿಕೊಳ್ಳುವುದರಲ್ಲಿ, ಬೇಕಾದರೆ ಮತ್ತೊಮ್ಮೆ ಮಾಡಬಹುದಾದ ಅನುಕೂಲದಲ್ಲಿ ಸ್ಟೆಂಟ್ ಮುಂದಿದೆ. ಆದ್ದರಿಂದ ಬಹುಮಂದಿಗೆ ಮೊದಲು ಸ್ಟೆಂಟ್, ಅದು ಸಾಧ್ಯವಾಗದವರಿಗೆ ಅಥವಾ ವಿಫಲವಾದವರಿಗೆ ಶಸ್ತ್ರಕ್ರಿಯೆ ಎಂಬ ಕ್ರಮ ರೂಢಿಗೆ ಬಂದಿದೆ. ತಕಯಾಸು ಕಾಯಿಲೆಯಲ್ಲಿ ಉರಿಯೂತ ಇನ್ನೂ ಉರಿಯುತ್ತಿರುವಾಗ ಬಲೂನು ಹಾಕಿದರೆ ನಾಳ ಬೇಗನೆ ಮತ್ತೆ ಕಿರಿದಾಗುವುದರಿಂದ, ತುರ್ತಿಲ್ಲದಿದ್ದರೆ ಸ್ಟಿರಾಯ್ಡ್ ಮೊದಲಾದ ಔಷಧಗಳಿಂದ ಅದನ್ನು ಆರಿಸಿದ ಬಳಿಕವೇ ಮುಂದುವರಿಯುವುದು ವಿವೇಕ.

ದಾರಿ ತೆರೆಯಲು ಬರುತ್ತದೆಂದ ಮಾತ್ರಕ್ಕೆ ಕಿರಿದಾದ ಪ್ರತಿಯೊಂದು ನಾಳವನ್ನೂ ತೆರೆಯಬೇಕಿಲ್ಲ. ಡಾಪ್ಲರಿನಲ್ಲಿ ಹಿಮ್ಮುಖ ಹರಿವು ಕಂಡವರಲ್ಲಿ ಬಹುಪಾಲು ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ; ಅವರ ದೇಹ ಬದಲಿ ದಾರಿ ಕಂಡುಕೊಂಡಿರುತ್ತದೆ. ಯುರೋಪಿನ ಹೃದ್ರೋಗ ತಜ್ಞರ ಸಂಘ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಾಳ ತೆರೆಯುವ ಚಿಕಿತ್ಸೆಯನ್ನು ಮುಖ್ಯವಾಗಿ ಲಕ್ಷಣಗಳಿರುವವರಿಗೆ ಪರಿಗಣಿಸಬೇಕು. ಲಕ್ಷಣಗಳಿಲ್ಲದಿದ್ದರೂ ಅದೇ ಬದಿಯ ಎದೆನಾಳ ಬಳಸಿ ಬೈಪಾಸ್ ಮಾಡಬೇಕಾದವರು, ಹಾಗೆ ಮಾಡಿಸಿಕೊಂಡು ಹೃದಯಕ್ಕೆ ರಕ್ತ ಸಾಲದವರು, ಡಯಾಲಿಸಿಸ್‌ಗೆಂದು ಅದೇ ತೋಳಿನಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸಿ ಮಾಡಿದ ಫಿಸ್ಟುಲಾ ಇರುವವರು ಇದಕ್ಕೆ ಅಪವಾದ. ಉಳಿದವರಿಗೆ ತಂಬಾಕು ಬಿಡುವುದು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಆಸ್ಪಿರಿನ್, ಸಕ್ಕರೆ ಮತ್ತು ಒತ್ತಡಗಳ ಹತೋಟಿಯೇ ಚಿಕಿತ್ಸೆ. ಸ್ಟೆಂಟ್ ಹಾಕಿಸಿಕೊಂಡವರಿಗೂ ಇದರಿಂದ ಬಿಡುವಿಲ್ಲ. ಅಥೆರೊಸ್ಕ್ಲೆರೋಸಿಸ್ ಒಂದೇ ನಾಳದ ಕಾಯಿಲೆಯಲ್ಲ, ತೋಳಿನಲ್ಲಿ ಕಂಡದ್ದು ಹೃದಯದಲ್ಲೂ ಕತ್ತಿನಲ್ಲೂ ಕಾಲಿನಲ್ಲೂ ಬೆಳೆಯುತ್ತಿರಬಹುದು. ತಂತಿ ಮತ್ತು ಬಲೂನು ಒಂದು ಬಿಂದುವಿನ ತಡೆಯನ್ನು ನೀಗಿಸುತ್ತವೆ, ಉಳಿದ ನಾಳಗಳನ್ನು ಕಾಯುವುದು ಔಷಧ ಮತ್ತು ನಡೆವಳಿಕೆಗಳ ಹೊಣೆ.

ಸೆಲ್ಡಿಂಗರರ ತಂತಿ, ಗ್ರುಂಟ್ಸಿಗ್ಗರ ಬಲೂನು, ಪಾಲ್ಮಾಜರ ಜಾಲರಿ ಇವೆಲ್ಲ ಸೇರಿ ಎದೆ ತೆರೆಯಬೇಕಿದ್ದ ಚಿಕಿತ್ಸೆಯನ್ನು ಎರಡು ಮಿಲಿಮೀಟರಿನ ರಂಧ್ರಕ್ಕೆ ಇಳಿಸಿವೆ. ಆದರೆ ಕಾಯಿಲೆ ಇದೆಯೆಂದು ಯಾರಾದರೂ ಮೊದಲು ಗುರುತಿಸಿದರೆ ಮಾತ್ರ ಈ ವಿದ್ಯೆಯಿಂದ ರೋಗಿಗೆ ಉಪಯೋಗ. ಆ ಗುರುತಿಸುವಿಕೆಗೆ ಬೇಕಾಗಿರುವುದು ಇನ್ನೊಂದು ತೋಳಿಗೂ ಪಟ್ಟಿ ಸುತ್ತುವ ಎರಡು ನಿಮಿಷದ ವ್ಯವಧಾನ. ರಕ್ತದೊತ್ತಡ ನೋಡಿಸಿಕೊಳ್ಳಲು ಹೋದ ಪ್ರತಿಯೊಬ್ಬರೂ ಮೊದಲ ಭೇಟಿಯಲ್ಲಾದರೂ ಎರಡೂ ತೋಳುಗಳಲ್ಲಿ ಅಳೆಯುವಂತೆ ಕೇಳಬೇಕು, ಎರಡು ಅಂಕಿಗಳನ್ನೂ ಬರೆದಿಟ್ಟುಕೊಳ್ಳಬೇಕು. ಅವುಗಳ ನಡುವೆ 15ರ ಅಂತರ ಕಂಡರೆ ಅದನ್ನು ಯಂತ್ರದ ತಪ್ಪೆಂದು ತಳ್ಳಿಹಾಕದೆ ಮತ್ತೆ ಅಳೆಸಿ, ಆಗಲೂ ಉಳಿದರೆ ವೈದ್ಯರಿಗೆ ತೋರಿಸಬೇಕು.